ರೆಪ್ಪೆಗೆ ತಾಗಿದ ಬಿಸಿ

ಜೀನತ್ ಬಳಿ ಸರ್ಟಿಫಿಕೇಟ್ ಇರಲಿಲ್ಲ. ಪಾಂಡವಪುರದ ಹೊರಗಿನ ಕೋಳಿಮರಿ ಹ್ಯಾಚರಿಯಲ್ಲಿ ಹನ್ನೊಂದು ವರ್ಷ ದುಡಿದಿದ್ದಳು. ಮೊದಲ ಐದು ವರ್ಷ ಟ್ರೇ ತೊಳೆಯುವ ತೊಟ್ಟಿಯ ಮುಂದೆ, ಉಗುರಿನ ಬುಡ ಕೊಳೆಯುವ ತನಕ. ಆಮೇಲೆ ಕಾವುಕೋಣೆಯ ಇನ್‌ಚಾರ್ಜ್. ಈ ವರ್ಷ ಕಂಪನಿ ಹೊಸ ನಿಯಮ ತಂದಿತು: ಸರ್ಟಿಫಿಕೇಟ್ ಇಲ್ಲದವರು ಇನ್‌ಚಾರ್ಜ್ ಆಗಿರುವಂತಿಲ್ಲ. ತಂದರೆ ಕುರ್ಚಿ, ಇಲ್ಲದಿದ್ದರೆ ಮತ್ತೆ ತೊಟ್ಟಿ. ಮ್ಯಾನೇಜರ್ ಶಾಮಣ್ಣ ಅವಳನ್ನು ಶ್ರೀರಂಗಪಟ್ಟಣದ ಹೊಳೆದಂಡೆಯ ರೆಸಾರ್ಟಿಗೆ ಎರಡು ದಿನದ ತರಬೇತಿಗೆ ಕಳಿಸಿದ.

ಅಲ್ಲಿ ನಲವತ್ತು ಜನ ಕಾಗದದ ಲೋಟಗಳಿಂದ ಗೋಪುರ ಕಟ್ಟಿದರು. ಪ್ರತಿ ವಸ್ತುವಿಗೂ ಒಂದು ಜಾಗ, ಪ್ರತಿ ಜಾಗಕ್ಕೂ ಒಂದು ಚೀಟಿ ಎಂದು ಒಟ್ಟಾಗಿ ಕೂಗಿದರು. ಕಾವು ಸರಿಯಿದೆಯೋ ಇಲ್ಲವೋ ಹೇಗೆ ತಿಳಿಯುತ್ತೀರಿ ಎಂದು ತರಬೇತುದಾರ ಕೇಳಿದಾಗ ಜೀನತ್ ಇದ್ದದ್ದನ್ನು ಹೇಳಿದಳು: ಯಂತ್ರದ ಸ್ಕ್ರೀನು ನೋಡುತ್ತೇನೆ, ಆಮೇಲೆ ಮೊಟ್ಟೆಯೊಂದನ್ನು ತೆಗೆದು ಮುಚ್ಚಿದ ಕಣ್ಣಿನ ರೆಪ್ಪೆಗೆ ಒತ್ತಿಕೊಳ್ಳುತ್ತೇನೆ. ಹೊಟ್ಟು ತುಂಬಿದ ಪೆಟ್ಟಿಗೆಯಲ್ಲಿ ಲಾಟೀನಿನ ಶಾಖಕ್ಕೆ ಮರಿ ಮಾಡಿಸುತ್ತಿದ್ದ ಅವಳ ಅಪ್ಪ ಪೀರ್ ಅಹಮದ್ ಕಲಿಸಿದ್ದು ಅದು. ತರಬೇತುದಾರ ತಿಂಡಿಯ ಮೇಜಿನಿಂದ ಬೇಯಿಸಿದ ಮೊಟ್ಟೆ ತರಿಸಿ ಅವಳ ಕೈಗಿತ್ತು, ಇದರ ಬಿಸಿ ಎಷ್ಟು ಹೇಳಿ ಮೇಡಂ ಎಂದ. ನಲವತ್ತು ಜನ ನಕ್ಕರು. ಸಂಜೆ ಅವಳಿಗೂ ಸರ್ಟಿಫಿಕೇಟ್ ಸಿಕ್ಕಿತು.

ಸೋಮವಾರ ಬಂದು ನೋಡಿದರೆ ಕಾವುಕೋಣೆ ಆಸ್ಪತ್ರೆಯಂತೆ ಹೊಳೆಯುತ್ತಿತ್ತು. ಅವಳಿಲ್ಲದ ಎರಡು ದಿನದಲ್ಲಿ ಶಾಮಣ್ಣ ತಾನೇ ನಿಂತು ಎಲ್ಲಕ್ಕೂ ಬಿಳಿ ಚೀಟಿ ಅಂಟಿಸಿ, ನೇತಾಡುವ ವೈರುಗಳನ್ನೆಲ್ಲ ಕಟ್ಟಿಸಿ, ಫೋಟೋ ತೆಗೆದು ಹೆಡ್ಡಾಫೀಸಿಗೆ ಕಳಿಸಿದ್ದ. ಹದಿನಾಲ್ಕನೇ ದಿನದ ಮೊಟ್ಟೆಗಳಿದ್ದ ಯಂತ್ರದ ಮುಂದೆ, ಇಪ್ಪತ್ತು ವರ್ಷದಿಂದ ಟ್ರೇ ಹೊರುತ್ತಿದ್ದ ಪುಟ್ಟಗೌರಮ್ಮ ಕಾಯುತ್ತ ನಿಂತಿದ್ದಳು.

"ಬಾಗ್ಲು ತಗುದ್ರೆ ಮೊಕಕ್ಕೆ ಒಡೀತದೆ ಕಣಮ್ಮಿ ಜಳ. ಒಸಿ ನೋಡು."

ಒಳಗೆ ತೂಗುಹಾಕಿದ್ದ ಗಾಜಿನ ಥರ್ಮಾಮೀಟರ್ ಎಲ್ಲಿ ಎಂದು ಜೀನತ್ ಕೇಳಿದಳು. ಚೀಟಿ ಇಲ್ಲದ ಸಾಮಾನು ಅಂತ ಶಾಮಣ್ಣೋರು ಕಸಕ್ಕೆ ಹಾಕಿಸಿದರು ಎಂಬ ಉತ್ತರ ಬಂತು. ಜೀನತ್ ಒಂದು ಮೊಟ್ಟೆ ತೆಗೆದು ರೆಪ್ಪೆಗೆ ಒತ್ತಿಕೊಂಡಳು. ಎರಡನೆಯದು ತೆಗೆದಳು. ಮೂರನೆಯದಕ್ಕೆ ಕೈ ಹೋಗಲಿಲ್ಲ.

"ಏನಂತದೆ?"

"ತೊಂಬತ್ತೊಂಬತ್ತೂವರೆ ಡಿಗ್ರಿ, ಇರ್ಬೇಕಾದಷ್ಟೇ ಅಂತದೆ ಸ್ಕ್ರೀನು."

"ಸ್ಕ್ರೀನ ಯಾವಳ್ ಕೇಳುದ್ಲು? ನಿನ್ ಕಣ್ಣು ಏನಂತದೆ?"

"ಕಣ್ಗೆ ಸರ್ಟಿಫಿಕೇಟ್ ಇಲ್ಲ, ಗೌರಮ್ಮ."

ಆದರೂ ಅವಳು ಆಫೀಸಿಗೆ ಹೋಗಿ ಹೇಳಿದಳು. ಶಾಮಣ್ಣ ಫೋಟೋಗಳಿಗೆ ಬಂದಿದ್ದ ಮೆಚ್ಚುಗೆಗಳನ್ನು ಓದುತ್ತಿದ್ದ. ಸ್ಕ್ರೀನು ಸರಿ ತೋರಿಸುತ್ತಿದೆ ತಾನೆ ಎಂದು ಕೇಳಿದ. ಹೌದು ಎಂದಳು.

"ನೋಡಮ್ಮ, ಎರಡು ದಿನ ಕಲಿತು ಬಂದ ಮೇಲೂ ಅದೇ ಹಳೇ ಚಾಳಿ ಅಂತ ನಾನು ಬರೀಬೇಕಾ? ಬರೆದರೆ ನಾಳೆ ನಿನ್ನ ಜಾಗ ಎಲ್ಲಿ ಅಂತ ನಿನಗೇ ಗೊತ್ತು."

ಗೊತ್ತಿತ್ತು. ಉಗುರಿನ ಬುಡ ಈಗ ವಾಸಿಯಾಗಿತ್ತು. ಅವಳು ವಾಪಸು ಬಂದು ರಿಜಿಸ್ಟರಿನಲ್ಲಿ ತೊಂಬತ್ತೊಂಬತ್ತೂವರೆ ಎಂದು ಬರೆದು ಸಹಿ ಹಾಕಿದಳು. ತನ್ನ ಪಾಳಿಯಲ್ಲಿ ಎರಡು ಗಂಟೆಗೊಮ್ಮೆ, ಗುರುವಾರದವರೆಗೂ ಹಾಗೇ ಬರೆದಳು. ಮೊಟ್ಟೆಯನ್ನು ಮಾತ್ರ ಮತ್ತೆ ರೆಪ್ಪೆಗೆ ಒತ್ತಿಕೊಳ್ಳಲಿಲ್ಲ. ಪುಟ್ಟಗೌರಮ್ಮ ಆಮೇಲೆ ಕೇಳಲೂ ಇಲ್ಲ.

ಹದಿನೆಂಟನೇ ದಿನ, ಶುಕ್ರವಾರ, ಮರಿ ಹೊರಬರುವ ಕೋಣೆಗೆ ಸಾಗಿಸುವ ಮೊದಲು ಟಾರ್ಚ್ ಹಿಡಿದರೆ ಯಾವ ಮೊಟ್ಟೆಯೊಳಗೂ ಅಲುಗಾಟವಿರಲಿಲ್ಲ. ಜೀನತ್ ಹತ್ತು ಮೊಟ್ಟೆ ಒಡೆದಳು. ಹತ್ತರಲ್ಲೂ ಪುಕ್ಕ ಬಂದು ಸತ್ತ ಮರಿಗಳು. ಮೈಸೂರಿನಿಂದ ಬಂದ ಮೆಕ್ಯಾನಿಕ್ ಐದೇ ನಿಮಿಷದಲ್ಲಿ ಕಾರಣ ಹಿಡಿದ. ಮೊಟ್ಟೆಗಳ ನಡುವೆ ನೇತಾಡುತ್ತ ಬಿಸಿ ಅಳೆಯಬೇಕಿದ್ದ ವೈರನ್ನು ಅಚ್ಚುಕಟ್ಟಾಗಿ ಸುರುಳಿ ಸುತ್ತಿ, ಹೊರಗಾಳಿ ಬರುವ ಕಂಡಿಯ ಪಕ್ಕ ಕಟ್ಟಲಾಗಿತ್ತು. ಅದು ತಣ್ಣಗಿನ ಗಾಳಿಯನ್ನು ಅಳೆಯುತ್ತ ಇನ್ನೂ ಬಿಸಿ ಬೇಕು ಎನ್ನುತ್ತಿತ್ತು, ಯಂತ್ರ ಕೊಡುತ್ತಲೇ ಇತ್ತು. ಕಂಡಿಯ ಬಳಿ ತೊಂಬತ್ತೊಂಬತ್ತೂವರೆ ನಿಲ್ಲಬೇಕಾದರೆ ಮೊಟ್ಟೆಗಳ ನಡುವೆ ಅದಕ್ಕಿಂತ ಎಷ್ಟೋ ಹೆಚ್ಚು ಕಾಯಬೇಕಿತ್ತು. ಅದರ ಮೇಲಿದ್ದ ಬಿಳಿ ಚೀಟಿಯಲ್ಲಿ 'ವೈರು' ಎಂದು ದುಂಡಗೆ ಬರೆದಿತ್ತು.

ನಷ್ಟದ ವರದಿಗೆ ಹೆಡ್ಡಾಫೀಸು ಒಂದು ಫಾರಂ ಕಳಿಸಿತು. ಮೂಲ ಕಾರಣ ಸಿಗುವವರೆಗೆ ಐದು ಸಲ 'ಏಕೆ' ಎಂದು ಕೇಳಿಕೊಳ್ಳಬೇಕು. ಐದು ಖಾಲಿ ಚೌಕಗಳಿದ್ದವು. ಶಾಮಣ್ಣ ಎರಡಕ್ಕೇ ನಿಲ್ಲಿಸಿದ. ಮೊಟ್ಟೆ ಸತ್ತದ್ದು ಏಕೆ? ಬಿಸಿ ಹೆಚ್ಚಾಯಿತು. ಬಿಸಿ ಹೆಚ್ಚಾದದ್ದು ಏಕೆ? ಸಿಬ್ಬಂದಿಗೆ ತರಬೇತಿ ಸಾಲದು. ಕೆಳಗೆ ಇನ್‌ಚಾರ್ಜ್ ಸಹಿಗೆ ಜಾಗವಿತ್ತು. ಜೀನತ್ ಓದಿದಳು, ಸಹಿ ಹಾಕಿದಳು. ಮುಂದಿನ ತಿಂಗಳ ಎರಡನೇ ಹಂತದ ತರಬೇತಿಗೆ ಮೊದಲ ಹೆಸರು ಅವಳದೇ. ಕುರ್ಚಿ ಉಳಿಯಿತು.

ಹಿತ್ತಲಲ್ಲಿ ಗುಂಡಿ ತೋಡಿಸಿ ಸುಣ್ಣ ಹಾಕಿಸಿದರು. ಪುಟ್ಟಗೌರಮ್ಮ ಒಂದೊಂದೇ ಟ್ರೇ ಮಗುಚುತ್ತ ಗಟ್ಟಿಯಾಗಿ ಎಣಿಸಿದಳು, ಜೀನತ್ ಬರೆದುಕೊಂಡಳು. ಟ್ರೇ ನೂರ ಇಪ್ಪತ್ತೆಂಟು. ಒಂದೊಂದರಲ್ಲಿ ನೂರೈವತ್ತು. ಹತ್ತೊಂಬತ್ತು ಸಾವಿರದ ಇನ್ನೂರು ಮೊಟ್ಟೆ.