ಮೂವತ್ತೇಳನೆಯ ಮೆಟ್ಟಿಲು

ಊಹೆಯ ಪಿರಿಯಡ್ ಎಂದರೆ ಮಕ್ಕಳು ಚಪ್ಪಲಿಯ ಜೊತೆಗೆ ಕಿವಿಯ ಮಣಿಯನ್ನೂ ಬಾಗಿಲಲ್ಲೇ ಬಿಟ್ಟು ಬರಬೇಕು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಪಿಸುಗುಡುವ ಇಂಟರ್‌ನೆಟ್ ಮಣಿ ಅದು. ಇಂದುಮತಿ ಮಿಸ್ ಮಾತ್ರ ತಮ್ಮದನ್ನು ತೆಗೆಯುತ್ತಿರಲಿಲ್ಲ. ಸರಿಯುತ್ತರ ಯಾರಿಗಾದರೂ ಗೊತ್ತಿರಬೇಕಲ್ಲ!

"ನಮ್ಮೂರ ಕಲ್ಯಾಣಿಗೆ ಎಷ್ಟು ಮೆಟ್ಟಿಲು?" ಎಂದು ಕೇಳಿದರು.

ನೂರು, ಇನ್ನೂರು, ಸಾವಿರ ಎಂದು ಮಕ್ಕಳು ಬಾಯಿಗೆ ಬಂದದ್ದು ಹೇಳಿದರು. ಕಡೆಯ ಬೆಂಚಿನ ಚೆಲುವಿ ಎದ್ದು, "ಮೂವತ್ತಾರು" ಎಂದಳು.

"ಹತ್ತಿರ ಬಂದೆ ಕಣೇ. ಮೂವತ್ತೇಳು."

"ಇಲ್ಲ ಮಿಸ್, ಮೂವತ್ತಾರೇ. ನಾನು ಎಣಿಸಿದ್ದೀನಿ."

ಮಣಿಯ ಮಾತನ್ನು ಅಲ್ಲಗಳೆದವರನ್ನು ಮಿಸ್ ತಮ್ಮ ಸರ್ವಿಸಿನಲ್ಲೇ ಕಂಡಿರಲಿಲ್ಲ. ರೇಗಿಹೋಗಿ ಇಡೀ ತರಗತಿಯನ್ನು ಕಲ್ಯಾಣಿಗೆ ಹೊರಡಿಸಿದರು. ಎಲ್ಲರೂ ಕೂಗಿ ಎಣಿಸುತ್ತ ಇಳಿದರೆ, ಮೂವತ್ತಾರಕ್ಕೇ ಮೆಟ್ಟಿಲು ಮುಗಿದು ಒಣಗಿದ ತಳ ಬಂತು.

"ಇನ್ನೊಂದು ಎಲ್ಲೇ ಹೋಯ್ತು?"

ಚೆಲುವಿ ಹತ್ತಿರ ಬಂದು ದನಿ ತಗ್ಗಿಸಿದಳು. "ಮೊದ್ಲು ನಿಮ್ಮ ಮಣಿ ತೆಗೀರಿ ಮಿಸ್. ಅದರ ಮುಂದೆ ಹೇಳಲ್ಲ."

ಮಿಸ್ ಮಣಿ ತೆಗೆದು ಬ್ಯಾಗಿಗೆ ಹಾಕಿ ಜಿಪ್ ಎಳೆದರು.

"ಕೊನೇ ಕಲ್ಲು ಕಳಚ್ಕೊಂಡಿತ್ತು ಮಿಸ್. ಈಗ ನಮ್ಮ ಹಿತ್ತಲಲ್ಲಿದೆ. ನಮ್ಮಜ್ಜಿ ಅದರ ಮೇಲೇ ಬಟ್ಟೆ ಒಗೆಯೋದು."

ಸಂಜೆ ಮಣಿ ಕಿವಿಗೇರಿದ್ದೇ ತಡ, "ಮಕ್ಕಳ ಎಣಿಕೆ ಮೂವತ್ತಾರು ಬಂತಲ್ಲ, ನನ್ನ ಉತ್ತರವನ್ನು ತಿದ್ದಿಕೊಳ್ಳಲೇ?" ಎಂದು ಕೇಳಿತು.

"ಏನೂ ಬೇಡ, ಅವು ಒಂದು ಬಿಟ್ಟು ಎಣಿಸಿದ್ವು," ಎಂದರು ಮಿಸ್, ಮುಖ ಗಂಟಿಕ್ಕಿ. "ಮೂವತ್ತೇಳೇ. ನಾನೇ ಇಳಿದು ಎಣಿಸಿದ್ದೀನಿ."