ಒಂದು ನಿಮಿಷ ಹನ್ನೆರಡು ಸೆಕೆಂಡು

ಐದು ಸರ್ವರ್‌ಗಳು ಸಂಜೆಯೊಳಗೆ ಎದ್ದು ನಿಂತವು. ಆರನೆಯದು ಏಳಲಿಲ್ಲ. ಎಲ್ಲರಿಗೂ ಬೇಕಾಗಿದ್ದುದು ಅದೇ.

ಸಿಂದಗಿಯ ಆ ಖಾಸಗಿ ಆಸ್ಪತ್ರೆಯ ಕಂಪ್ಯೂಟರ್ ವಿಭಾಗಕ್ಕೆ ಜಯಮಾಲಾ ಒಬ್ಬಳೇ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಇದ್ದದ್ದು ಒಂದೇ ಯಂತ್ರ. ಅದರೊಳಗೆ ಆರು ವರ್ಚುವಲ್ ಸರ್ವರ್‌ಗಳು, ಒಂದೇ ಮನೆಯಲ್ಲಿ ಆರು ಒಲೆ ಹೂಡಿದ ಹಾಗೆ. ಬಿಲ್ಲು, ಲ್ಯಾಬು, ಔಷಧಿ, ಎಕ್ಸ್‌ರೇ, ಹಾಜರಿ. ಆರನೆಯದರಲ್ಲಿ ಆಂಬುಲೆನ್ಸ್ ನಂಬರಿಗೆ ಬಂದ ಕರೆಗಳ ರೆಕಾರ್ಡಿಂಗ್. ಮಂಗಳವಾರ ಬೆಳಿಗ್ಗೆ ಯಂತ್ರದ ಎರಡು ಡಿಸ್ಕ್‌ಗಳು ಕೆಟ್ಟಾಗ ಆರೂ ಒಟ್ಟಿಗೆ ಮಲಗಿದವು.

ಅದರ ಹಿಂದಿನ ದಿನವೇ ಯಂಕಂಚಿಯ ಭಾಗ್ಯಜ್ಯೋತಿ ಸತ್ತಿದ್ದಳು.

ಹತ್ತೊಂಬತ್ತರ ಹುಡುಗಿ. ತೊಗರಿ ಹೊಲದಲ್ಲಿ ಹಾವು ಕಚ್ಚಿತ್ತು. ಗಂಡಸರೆಲ್ಲ ಮದುವೆಗೆಂದು ಮನಗೂಳಿಗೆ ಹೋಗಿದ್ದರು. ತಾಯಿ ಲಕ್ಕವ್ವ ಆಸ್ಪತ್ರೆಯ ಆಂಬುಲೆನ್ಸ್ ನಂಬರಿಗೆ ಫೋನು ಮಾಡಿದಳು. ಕರೆ ನೇರವಾಗಿ ಆಂಬುಲೆನ್ಸ್ ಚಾಲಕ ಫಕ್ರುದ್ದೀನನಿಗೆ ಹೋಯಿತು. ಗಾಡಿ ಯಂಕಂಚಿಗೆ ಬರಲಿಲ್ಲ, ಮೋರಟಗಿಗೆ ಹೋಗಿ ನಿಂತಿತು. ಅಲ್ಲಿಂದ ಅವನು ತಿರುಗಿ ಮಾಡಿದ ಕರೆಗಳನ್ನು ಎತ್ತುವವರಿರಲಿಲ್ಲ. ಫೋನು ಬದುವಿನ ಮೇಲೆ ಬಿದ್ದಿತ್ತು. ಕೊನೆಗೆ ಯಾರೋ ಎತ್ತಿ ಊರು ಹೇಳಿದರು. ಅವನು ಬಂದು ಮುಟ್ಟುವಷ್ಟರಲ್ಲಿ ಒಂದು ತಾಸಿನ ಮೇಲಾಗಿತ್ತು.

ಊರವರು ಅವನ ಅಂಗಿ ಹಿಡಿದರು. ಆಸ್ಪತ್ರೆ ಅವನನ್ನು ಕೆಲಸದಿಂದ ನಿಲ್ಲಿಸಿತು. ಹನ್ನೆರಡು ವರ್ಷ ಈ ತಾಲೂಕಿನ ಹಳ್ಳಿಹಳ್ಳಿಗೂ ಗಾಡಿ ಓಡಿಸಿದವನು. ತನ್ನ ಕಿವಿಗೆ ಮೋರಟಗಿ ಎಂದೇ ಬಿತ್ತು ಎಂದು ಮೊದಲ ದಿನ ಹೇಳಿದ. ಎರಡನೆಯ ದಿನ, ಹಾಗೆ ಬಿದ್ದ ನೆನಪು ಎಂದ. ಮೂರನೆಯ ದಿನ, ತಪ್ಪಿ ಕೇಳಿರಲೂಬಹುದು ಎಂದ.

ವ್ಯವಸ್ಥಾಪಕ ಶ್ರೀಶೈಲ ಎರಡು ಸಲ ಕೋಣೆಗೆ ಬಂದು ಹೋದ. ಚಾಲಕನ ತಪ್ಪು ಎದ್ದು ಕಾಣುತ್ತಿರುವಾಗ ಆ ರೆಕಾರ್ಡಿಂಗಿಗೆ ಅಷ್ಟು ಒದ್ದಾಡುವ ಅಗತ್ಯವಿಲ್ಲ ಎಂದ. ಜಯಮಾಲಾ ಹೂಂಗುಟ್ಟಿದಳು, ಕೆಲಸ ಬಿಡಲಿಲ್ಲ.

ಬಿಡಲು ಅವಳಿಂದ ಆಗುತ್ತಿರಲಿಲ್ಲ. ಬ್ಯಾಕಪ್ ಇತ್ತು, ಅದು ಯಶಸ್ವಿಯಾಯಿತೆಂಬ ಸಂದೇಶ ದಿನವೂ ಬರುತ್ತಿತ್ತು. ಒಮ್ಮೆಯಾದರೂ ಅದನ್ನು ತಿರುಗಿ ಹಾಕಿ ನೋಡಿದವರಿಲ್ಲ. ಹೋದ ವರ್ಷ ಜಾಗ ಸಾಲದೆ ಆರನೆಯ ಸರ್ವರಿಗೆ ಹೊಸ ಡಿಸ್ಕ್ ಜೋಡಿಸಿದವಳು ಅವಳೇ. ಅದನ್ನು ಬ್ಯಾಕಪ್ ಪಟ್ಟಿಗೆ ಸೇರಿಸಲು ಮರೆತವಳೂ ಅವಳೇ. ಕರೆಗಳೆಲ್ಲ ಇದ್ದದ್ದು ಅದರಲ್ಲಿ. ಕೆಟ್ಟ ಎರಡು ಡಿಸ್ಕ್‌ಗಳಲ್ಲಿ ಒಂದಕ್ಕೆ ಇನ್ನೂ ಕುಟುಕು ಜೀವವಿತ್ತು. ಅದರಿಂದ ಚೂರು ಚೂರಾಗಿ ಓದಿಸುತ್ತ, ನಿಂತಾಗ ಮತ್ತೆ ಎಬ್ಬಿಸುತ್ತ ಕೂತಳು.

ಲಕ್ಕವ್ವ ದಿನಾ ಬೆಳಗಿನ ಬಸ್ಸಿಗೆ ಬಂದು ಕೋಣೆಯ ಹೊರಗಿನ ಮೆಟ್ಟಿಲ ಮೇಲೆ ಕೂಡುತ್ತಿದ್ದಳು. ಎದುರಿನ ಬೇವಿನ ಮರದ ಕೆಳಗೆ ಫಕ್ರುದ್ದೀನ ನಿಂತಿರುತ್ತಿದ್ದ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಲಕ್ಕವ್ವ ಅಳುತ್ತಲೂ ಇರಲಿಲ್ಲ. ಚಾಲಕನ ತಪ್ಪು ಸಾಬೀತಾಗುವುದನ್ನೇ ಆಕೆ ಕಾಯುತ್ತಿದ್ದಾಳೆ ಎಂದು ದಾದಿಯರು ಮಾತಾಡಿಕೊಂಡರು. ಜಯಮಾಲಾ ಹೊರಗೆ ಬಂದಾಗೆಲ್ಲ ಆಕೆ ಕೇಳುತ್ತಿದ್ದುದು ಒಂದೇ ಮಾತು.

“ಅದರಾಗ ನಂದೂ ಮಾತು ಇರ್ತೇತೇನ್ರಿ ಬಾಯಾರ?”

ಇಬ್ಬರದೂ ಇರುತ್ತದೆ ಎಂದರೆ ಲಕ್ಕವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಶನಿವಾರ ಮಧ್ಯಾಹ್ನ ಫೈಲು ಸಿಕ್ಕಿತು. ಒಂದು ನಿಮಿಷ ಹನ್ನೆರಡು ಸೆಕೆಂಡಿನದು. ಜಯಮಾಲಾ ಫಕ್ರುದ್ದೀನನನ್ನು ಒಳಗೆ ಕರೆದು, ಹೆಡ್‌ಫೋನನ್ನು ಅವನ ಕೈಗೇ ಕೊಟ್ಟಳು. ಅವನು ಎರಡು ಸಲ ಕೇಳಿದ. ಎರಡನೆಯ ಸಲ ಕಣ್ಣು ಮುಚ್ಚಿಕೊಂಡಿದ್ದ. ಆಮೇಲೆ ಅವಳೂ ಕೇಳಿದಳು.

ಇದರ ನಕಲು ಬೇರೆ ಎಲ್ಲಾದರೂ ಇದೆಯೇ ಎಂದು ಅವನು ಕೇಳಿದ. ಇಲ್ಲ ಎಂದಳು.

“ಹಂಗಾರ ಬ್ಯಾರೆ ಯಾರಿಗೂ ಕೇಳಿಸಬ್ಯಾಡ್ರಿ ಮೇಡಂ.”

“ನಿಮ್ಮ ನೌಕರಿ ಹೋಗ್ತೇತಿ. ಮನ್ಯಾಗ ಮಕ್ಕಳದಾವು. ವಿಚಾರ ಮಾಡ್ರಿ.”

“ಮಾಡೇನ್ರಿ,” ಎಂದು ಅವನು ಎದ್ದ.

ಹೊರಗೆ ಹೋಗಿ ಲಕ್ಕವ್ವ ಕೂತಿದ್ದ ಮೆಟ್ಟಿಲಿಗಿಂತ ಎರಡು ಮೆಟ್ಟಿಲು ಕೆಳಗೆ ಕುಕ್ಕರಗಾಲಲ್ಲಿ ಕೂತ. ಬಾಗಿಲು ತೆರೆದೇ ಇತ್ತು. ಜಯಮಾಲಾಗೆ ಎಲ್ಲ ಕೇಳಿಸಿತು.

“ಅಕ್ಕಾ, ಫೈಲ್ ಸಿಕ್ತು. ನೀವು ಯಂಕಂಚಿ ಅಂತ ಚಂದಂಗ ಹೇಳೀರಿ. ನಾನ ತಪ್ಪು ಕೇಳೇನಿ.”

ಲಕ್ಕವ್ವ ಅವನ ಮುಖವನ್ನೇ ನೋಡಿದಳು. ಐದು ದಿನಗಳಲ್ಲಿ ಮೊದಲ ಸಲ.

“ನಾ ಯಂಕಂಚಿ ಅಂದಿದ್ನಾ?”

“ಅಂದೀರಿ.”

“ಖರೇನ?”

“ಖರೇನ, ಅಕ್ಕಾ.”

ಆಗ ಆಕೆಯ ಎದೆಯಿಂದ ಅಳು ಒಡೆಯಿತು. ಎರಡೂ ಕೈಯಿಂದ ಅವನ ಹೆಗಲಿಗೆ ಹೊಡೆದಳು, ಮತ್ತೆ ಹೊಡೆದಳು. ಅವನು ಅಲುಗಾಡಲಿಲ್ಲ. ಹೊಡೆಯುವ ಶಕ್ತಿ ಮುಗಿದ ಮೇಲೆ ಆ ಕೈಗಳು ಅವನ ಹೆಗಲ ಮೇಲೆಯೇ ಉಳಿದವು. ಆಕೆ ಮಗಳ ಹೆಸರು ಹಿಡಿದು ಅತ್ತಳು, ಅಳುವುದಕ್ಕೆ ಈಗಷ್ಟೇ ಯಾರೋ ಅಪ್ಪಣೆ ಕೊಟ್ಟಂತೆ.

ಜಯಮಾಲಾ ಬಾಗಿಲು ಮುಂದೆ ಮಾಡಿದಳು. ಐದು ದಿನ ಊಟ ನಿದ್ದೆ ಬಿಟ್ಟು ಉಳಿಸಿದ ಫೈಲನ್ನು ಅಳಿಸುವ ಮೊದಲು ಇನ್ನೊಂದು ಸಲ ಕೇಳಿದಳು. ಫಕ್ರುದ್ದೀನ ಊರು ಯಾವುದೆಂದು ಸಮಾಧಾನದಿಂದ ಮೂರು ಸಲ ಕೇಳುತ್ತಾನೆ. ಲಗ್ನವಾಗಿ ಇಪ್ಪತ್ತೆರಡು ವರ್ಷ ಯಂಕಂಚಿಯಲ್ಲಿ ಬಾಳಿದ ಲಕ್ಕವ್ವ, ಏದುಸಿರು ಬಿಡುತ್ತ, ಮೂರು ಸಲವೂ ಒಂದೇ ಉತ್ತರ ಕೊಡುತ್ತಾಳೆ: “ಮೋರಟಗಿ ರೀ… ಮೋರಟಗಿ ಗುರಪ್ಪನ ಮಗಳು ನಾನು… ಲಗೂ ಬರ್ರಿ.”