ಬಿಟ್ಟರೆ ಸೊನ್ನೆ

ರಸಾಯನಶಾಸ್ತ್ರ ನನ್ನನ್ನು ಕಂಡರೆ ಎದ್ದು ನಿಂತು ನಮಸ್ಕಾರ ಮಾಡುತ್ತದೆ. ‘ಗೊತ್ತಿಲ್ಲ’ ಎಂಬ ಮಾತು ಹುಟ್ಟಿದಂದಿನಿಂದ ಈ ಬಾಯಲ್ಲಿ ಬಂದಿಲ್ಲ. ಹಾಗಾಗಿ ನಮ್ಮಂಥ ಮೇಷ್ಟ್ರುಗಳ ಬಡ್ತಿಗೆ ವಿಷಯ ಪರೀಕ್ಷೆ ಇಟ್ಟಾಗ, ಅದೇ ವಿಷಯದ ಟೀಚರಾದ ನನ್ನ ಹೆಂಡತಿಗೆ ನಾನೇ ಸವಾಲು ಹಾಕಿದೆ: ಕಡಿಮೆ ಅಂಕ ತೆಗೆದವರು ಇನ್ನು ಮೇಲೆ ಅಡುಗೆ ಮಾಡಬೇಕು.

“ಮನೆಕೆಲಸದಲ್ಲಿ ನನಗೆ ಓದೋಕೆ ಪುರುಸೊತ್ತೆಲ್ಲಿದೆ ರೀ?” ಎಂದಳು ಒಗ್ಗರಣೆ ಹಾಕುತ್ತಾ. “ಹೋಗ್ಲಿ, ಅಂಕ ಹೇಗೆ ಕೊಡ್ತಾರೆ, ಅದನ್ನಾದ್ರೂ ಹೇಳಿ.”

“ಸರಿಯಾದರೆ ಒಂದು ಕೊಡ್ತಾರೆ. ತಪ್ಪಾದರೆ ಅರ್ಧ ಕಿತ್ಕೋತಾರೆ.”

“ಉತ್ತರ ಬರೀದೆ ಬಿಟ್ಟರೆ?”

“ಸೊನ್ನೆ. ಬಿಡೋದು ಹೇಡಿಗಳ ಕೆಲಸ ಕಣೇ!”

“ನೀವು ಒಂದನ್ನೂ ಬಿಡಲ್ವಾ?”

“ನಾನಾ? ನೂರಕ್ಕೆ ನೂರೂ ತುಂಬ್ತೀನಿ!”

ಪರೀಕ್ಷೆಯ ದಿನ ನನ್ನ ಪೆನ್ನಿನ ವೇಗ ಕಂಡು ತಲೆಯ ಮೇಲಿನ ಫ್ಯಾನೇ ನಾಚಿ ನಿಂತುಬಿಟ್ಟಿತು. ಪ್ರಶ್ನೆ ಓದಿ ಮುಗಿಸುವ ಮೊದಲೇ ಉತ್ತರ ತುಂಬುತ್ತಿದ್ದೆ. ಮುಂದಿನ ಬೆಂಚಿನಲ್ಲಿ ನನ್ನ ಹೆಂಡತಿ ಹೆಸರು, ನಂಬರು ಬರೆದು ಡೆಸ್ಕಿಗೆ ತಲೆಯಿಟ್ಟು ಮಲಗೇಬಿಟ್ಟಿದ್ದಳು. ಪಾಪ ಅನ್ನಿಸಿತು.

ಫಲಿತಾಂಶ ಬಂದಾಗ ಅವಳೇ ಮೊಬೈಲಿನಲ್ಲಿ ನೋಡಿ, “ನಂದು ಸೊನ್ನೆ ರೀ” ಎಂದಳು. ನಾನು ಮೀಸೆ ತಿರುವಿದೆ.

“ನಿಮ್ಮದು ಮೈನಸ್ ಹದಿನಾಲ್ಕು” ಎನ್ನುತ್ತಾ ಸೌಟನ್ನು ನನ್ನ ಕೈಗಿಟ್ಟಳು. “ಮುಂದಿನ ಸಲ ನಿಜವಾಗ್ಲೂ ಬರೀತೀನಿ. ಓದೋಕೆ ಈಗ ಪುರುಸೊತ್ತು ಸಿಕ್ತಲ್ಲ!”